ಜ್ವರ ನೆತ್ತಿಗೇರಿದಾಗ ಸ್ಕ್ಯಾನ್ ಏನು ಹೇಳುತ್ತದೆ?

ವೈರಸ್ ಸೋಂಕು ಮೆದುಳಿಗೆ ತಟ್ಟಿದಾಗ ಮಾಡುವ ಸ್ಕ್ಯಾನ್‌ಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಮೆದುಳಿನ ಸ್ಕ್ಯಾನ್ ನೋಡುವ ರೇಡಿಯಾಲಜಿಸ್ಟ್ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಅಣ್ಣನಿಗೆ 46 ವರ್ಷ. ನಾಲ್ಕು ದಿನ ಜ್ವರ, ತಲೆನೋವು ಇತ್ತು. ಐದನೇ ದಿನ ಏನೇನೋ ಮಾತಾಡತೊಡಗಿದ. ಅತ್ತಿಗೆಯ ಹೆಸರೇ ನೆನಪಾಗಲಿಲ್ಲ. ಊರಲ್ಲಿ ಗಾಳಿ ಸೋಕಿದೆ ಅಂದರು. ಆಸ್ಪತ್ರೆಗೆ ಒಯ್ದಾಗ ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಮರುದಿನ ಫಿಟ್ಸ್ ಬಂದ ಮೇಲೆ ಎಂಆರ್‌ಐ ಮಾಡಿ, ಮೆದುಳಿಗೆ ಹರ್ಪಿಸ್ ಅನ್ನುವ ವೈರಸ್ಸಿನ ಸೋಂಕು ಅಂದರು. ಮೊದಲ ಸ್ಕ್ಯಾನ್ ತಪ್ಪಾಗಿ ನೋಡಿದರಾ? – ಓದುಗರು, ಹಾವೇರಿ ಜಿಲ್ಲೆ

ಉತ್ತರ: ತಪ್ಪಾಗಿ ನೋಡಿರಲಿಕ್ಕಿಲ್ಲ. ಸಿಟಿ ಸ್ಕ್ಯಾನ್ ನಡೆಯುವುದು ಎಕ್ಸ್‌ರೇ ಮೇಲೆ. ರಕ್ತ ಸೋರಿದ್ದರೆ, ಮೂಳೆ ಮುರಿದಿದ್ದರೆ, ಗಡ್ಡೆ ಇದ್ದರೆ ಐದೇ ನಿಮಿಷದಲ್ಲಿ ತೋರಿಸಿಬಿಡುತ್ತದೆ. ಆದರೆ ಈ ಸೋಂಕಿನ ಮೊದಲ ಕೆಲವು ದಿನ ಅದರಲ್ಲಿ ಏನೂ ಕಾಣದೇ ಇರುವುದು ಮಾಮೂಲಿ. ಎಂಆರ್‌ಐ ಹಾಗಲ್ಲ, ಅದು ನೀರಿನ ಜಾಡು ಹಿಡಿಯುತ್ತದೆ. ಸೋಂಕಿಗೆ ಸಿಕ್ಕ ಜಾಗ ನೀರು ತುಂಬಿ ಊದಿಕೊಳ್ಳುತ್ತದಲ್ವಾ, ಅದು ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಡಿಫ್ಯೂಷನ್ ಅಂತ ಒಂದು ಬಗೆಯ ಚಿತ್ರ ತೆಗೆಯುತ್ತೇವೆ. ಜೀವಕೋಶದೊಳಗೆ ನೀರು ಸರಿಯಾಗಿ ಓಡಾಡುತ್ತಿಲ್ಲ ಅನ್ನುವುದು ಅದರಲ್ಲಿ ಎಲ್ಲಕ್ಕಿಂತ ಮೊದಲು ಗೊತ್ತಾಗುತ್ತದೆ.

ನಿಮ್ಮ ಅಣ್ಣನ ಚಿತ್ರ ನಾನು ನೋಡಿಲ್ಲ. ಆದರೆ ಹರ್ಪಿಸ್ ಹೊಕ್ಕ ಮೆದುಳು ಹೇಗಿರುತ್ತದೆ ಅಂತ ಹೇಳಬಲ್ಲೆ. ಕಿವಿಯ ಮೇಲ್ಗಡೆ, ಕಪಾಲದ ಒಳಮಗ್ಗುಲಲ್ಲಿ ಟೆಂಪೊರಲ್ ಲೋಬ್ ಇದೆ. ಬಿಳುಪು ಅಲ್ಲಿಂದ ಶುರುವಾಗಿ ಒಳಗೊಳಗೇ ಹಬ್ಬುತ್ತದೆ. ಹಬ್ಬುತ್ತಾ ಹೋಗಿ ಒಂದು ಕಡೆ ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ. ಆ ಗೆರೆಯ ಆಚೆ ಇರುವುದು ಬೇಸಲ್ ಗ್ಯಾಂಗ್ಲಿಯಾ, ಮೈಯ ಚಲನೆಯನ್ನು ಹದವಾಗಿಡುವ ಭಾಗ. ಅದನ್ನು ಈ ವೈರಸ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿನ ದೊಡ್ಡ ರಕ್ತನಾಳ ಕಟ್ಟಿ ಸ್ಟ್ರೋಕ್ ಆಗಿದ್ದರೆ ಅದಕ್ಕೂ ಪೆಟ್ಟು ಬೀಳುವುದು ಜಾಸ್ತಿ. ಹಾಗಾಗಿ ಆ ಗೆರೆ ಕಂಡ ತಕ್ಷಣ ನಾನು ರಿಪೋರ್ಟ್ ಟೈಪ್ ಮಾಡುತ್ತಾ ಕೂರುವುದಿಲ್ಲ, ಮೊದಲು ವಾರ್ಡಿಗೆ ಫೋನ್ ಮಾಡುತ್ತೇನೆ.

ನೆನಪು, ಮಾತು, ಭಾವನೆ ಇವೆಲ್ಲ ಹೆಚ್ಚಾಗಿ ಸೋಂಕು ಹಿಡಿಯುವ ಆ ಟೆಂಪೊರಲ್ ಲೋಬ್‌ಗೇ ಸೇರಿದ್ದು. ಅದಕ್ಕೇ ಹೆಂಡತಿಯ ಹೆಸರು ಮರೆಯುತ್ತದೆ, ಇಲ್ಲದ ವಾಸನೆ ಬರುತ್ತದೆ, ಸಾಧು ಮನುಷ್ಯ ಸಿಡಿಮಿಡಿ ಅನ್ನತೊಡಗುತ್ತಾನೆ. ಗಾಳಿ ಸೋಕಿದೆ ಅಂದವರನ್ನು ಬೈಯಲು ನನಗೆ ಮನಸ್ಸಿಲ್ಲ. ನಮ್ಮವರು ಏಕ್‌ದಂ ಬೇರೆ ಯಾರೋ ಆಗಿಬಿಟ್ಟರೆ ಯಾರಿಗಾದರೂ ದಿಗಿಲಾಗುತ್ತದೆ. ಆದರೆ ಜ್ವರದ ಜೊತೆಗೆ ಮನುಷ್ಯನ ನಡವಳಿಕೆ ಬದಲಾದರೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಅಂತ ಕಾಯಬೇಡಿ. ಚಿಕಿತ್ಸೆ ಸಿಗದಿದ್ದರೆ ಈ ಸೋಂಕಿನಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಉಳಿಯುವುದಿಲ್ಲ. ಔಷಧಿ ಇದೆ, ಅಸೈಕ್ಲೋವಿರ್. ರಕ್ತನಾಳಕ್ಕೆ ಡ್ರಿಪ್ ಮೂಲಕ 14ರಿಂದ 21 ದಿನ ಕೊಡುತ್ತಾರೆ. ಅನುಮಾನ ಬಂದ ಕೂಡಲೇ ಶುರು ಮಾಡಬೇಕು, ಸ್ಕ್ಯಾನ್ ರಿಪೋರ್ಟಿಗೆ ಕಾಯುವ ಹಾಗಿಲ್ಲ. ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು, ಅದರಲ್ಲಿ ವೈರಸ್ಸಿನ ಜಾಡು ಹುಡುಕುವುದು ಪಿಸಿಆರ್ ಪರೀಕ್ಷೆ. ಬೆನ್ನು ನೀರಿನ ಈ ಪರೀಕ್ಷೆಯೂ ಮೊದಲ ಮೂರು ದಿನದೊಳಗೆ ಮಾಡಿದರೆ ಕೆಲವೊಮ್ಮೆ ನೆಗೆಟಿವ್ ಬರುತ್ತದೆ. ಅನುಮಾನ ಹೋಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಮಾಡುತ್ತಾರೆ.

ಇನ್ನೊಂದು ಮಾತು. ಹತ್ತನೇ ದಿನಕ್ಕೆ ಅಣ್ಣ ಚೆನ್ನಾಗಿ ಮಾತಾಡತೊಡಗಿದ ಅಂತ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಡಿ. ಕೋರ್ಸ್ ಪೂರ್ತಿ ಮುಗಿಯಲಿ.

ಪ್ರಶ್ನೆ: ಅಕ್ಕನ ಮಗಳಿಗೆ 6 ವರ್ಷ. ಮೆದುಳು ಜ್ವರ ಅಂತ ಅಡ್ಮಿಟ್ ಮಾಡಿದ್ದಾರೆ. ಎಂಆರ್‌ಐ ನೋಡಿ ಜಪಾನೀಸ್ ಎನ್ಸೆಫಲೈಟಿಸ್ ಇರಬಹುದು ಅಂದರು. ಸ್ಕ್ಯಾನ್‌ನಲ್ಲಿ ವೈರಸ್ ಕಾಣುತ್ತದಾ? ನಮ್ಮ ಮಕ್ಕಳಿಗೂ ಅಂಟುತ್ತದಾ? – ಓದುಗರು, ಬಳ್ಳಾರಿ ಜಿಲ್ಲೆ

ಉತ್ತರ: ವೈರಸ್ ಕಾಣುವುದಿಲ್ಲ. ಅದು ಎಲ್ಲಿ ಪೆಟ್ಟು ಕೊಟ್ಟಿದೆ ಅನ್ನುವುದು ಕಾಣುತ್ತದೆ. ಒಂದೊಂದು ವೈರಸ್ಸಿಗೆ ಒಂದೊಂದು ಜಾಗ ಇಷ್ಟ. ಮೆದುಳಿನ ನಡುಮಧ್ಯದಲ್ಲಿ, ಎಡಕ್ಕೊಂದು ಬಲಕ್ಕೊಂದು, ಪಾರಿವಾಳದ ಮೊಟ್ಟೆಯಂಥ ಎರಡು ಉಂಡೆಗಳಿವೆ. ಅವೇ ಥಲಾಮಸ್. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಬೆಳ್ಳಗಾಗಿರುತ್ತವೆ. ಕೆಲವರಲ್ಲಿ ಅದರ ಕೆಳಗೆ ನಡುಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೂ ತಗಲಿರುತ್ತದೆ. ಕೈ ನಡುಗಿ ಮೈ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಸವೆಯುವುದೂ ಅದೇ ಜಾಗ. ಆದ್ದರಿಂದಲೇ ಜ್ವರ ಇಳಿದ ಮೇಲೂ ಕೆಲವು ಮಕ್ಕಳ ಕೈಕಾಲು ಬಿಗಿಯುತ್ತವೆ, ಮುಖದಲ್ಲಿ ನಗು ಮೂಡುವುದಿಲ್ಲ. ತಾಯಂದಿರು ಬಂದು "ಮಗು ನಗ್ತಾನೇ ಇಲ್ಲ ಡಾಕ್ಟ್ರೇ" ಅಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದು ಎಷ್ಟೋ ಮಕ್ಕಳಲ್ಲಿ ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿಸಿದರೆ ಸುಧಾರಿಸುತ್ತದೆ. ದಯವಿಟ್ಟು ನಡುವೆ ಬಿಡಬೇಡಿ.

ಆದರೆ ಥಲಾಮಸ್ ಬೆಳ್ಳಗಿದ್ದ ಮಾತ್ರಕ್ಕೆ ಅದೇ ಕಾಯಿಲೆ ಅಂತ ಅಲ್ಲ. ಡೆಂಗಿ ಮೆದುಳಿಗೆ ಹೋದರೂ ಹೀಗೆ ಕಾಣಬಹುದು. ಖಚಿತ ಮಾಡುವುದು ಬೆನ್ನು ನೀರು ಮತ್ತು ರಕ್ತದ ಐಜಿಎಂ ಪರೀಕ್ಷೆ, ಅಂದರೆ ಆ ವೈರಸ್ಸಿನ ವಿರುದ್ಧ ದೇಹ ಹೊಸದಾಗಿ ತಯಾರಿಸಿದ ಪ್ರತಿಕಾಯ ಇದೆಯಾ ಅಂತ ನೋಡುವುದು. "ಇರಬಹುದು" ಅಂತ ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ.

ಮಗುವಿನಿಂದ ಮಗುವಿಗೆ ಅಂಟುವುದಿಲ್ಲ. ಗದ್ದೆಯಲ್ಲಿ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿಯಿಂದ, ಬೆಳ್ಳಕ್ಕಿಯಂಥ ನೀರುಹಕ್ಕಿಗಳಿಂದ ವೈರಸ್ ತರುತ್ತದೆ. ಕಚ್ಚುವುದು ಸಂಜೆ ಮೇಲೆ. ಇದಕ್ಕೆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಇರುವುದು ಲಸಿಕೆ. ರೋಗ ಹೆಚ್ಚಿರುವ ಜಿಲ್ಲೆಗಳಲ್ಲಿ ಸರ್ಕಾರವೇ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಹಾಕಿಸುತ್ತದೆ. ನಿಮ್ಮ ಮಕ್ಕಳ ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ. 2013ರಲ್ಲಿ ಬಂದ ನಮ್ಮ ದೇಶದ್ದೇ ಒಂದು ಲಸಿಕೆ ಜೆನ್‌ವ್ಯಾಕ್. ಅದನ್ನು ತಯಾರಿಸಿದ್ದು ಕೋಲಾರದ ರೋಗಿಯೊಬ್ಬರಲ್ಲಿ ಸಿಕ್ಕ ವೈರಸ್‌ನಿಂದ. ಆ ತಳಿಗೆ ಈಗಲೂ ಕೋಲಾರದ ಹೆಸರೇ ಇದೆ.

ಪ್ರಶ್ನೆ: ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಅಂತಾರೆ. ಸ್ಕ್ಯಾನ್ ಮಾಡಿದ ಮೇಲೂ ಅದು ಬೇಕಾ? – ಓದುಗರು, ಮಂಡ್ಯ

ಉತ್ತರ: ಬೇಕು. ಸೊಂಟ ಬೀಳುವುದಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಗಡೆ, ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು. ರೋಗಿಗೆ ಪ್ರಜ್ಞೆ ತಪ್ಪಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ, ನೀರು ತೆಗೆಯುವ ಮೊದಲೇ ಸ್ಕ್ಯಾನ್ ಮಾಡುತ್ತಾರೆ. ತಲೆಯೊಳಗೆ ಒತ್ತಡ ಜಾಸ್ತಿ ಇದ್ದಾಗ ಕೆಳಗಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಗ್ಗುವ ಅಪಾಯವಿದೆ. ಹಾಗಾಗಿ ಈ ಎರಡೂ ಒಂದರ ಬದಲಿಗೆ ಒಂದಲ್ಲ.

ಪ್ರಶ್ನೆ: ಎಂಆರ್‌ಐಯಿಂದ ಮಕ್ಕಳಿಗೆ ತೊಂದರೆ ಇದೆಯಾ? – ಓದುಗರು, ಶಿರಸಿ

ಉತ್ತರ: ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ಅದು ಅಯಸ್ಕಾಂತದ ಯಂತ್ರ. ಒಳಗೆ ಟಕಟಕ ಅಂತ ಜೋರು ಸದ್ದು. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಮಂಪರಿನ ಔಷಧಿ ಕೊಡುತ್ತಾರೆ, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಲೋಹ ಏನೂ ಮೈಮೇಲೆ ಇರಬಾರದು. ಉಡಿದಾರದಲ್ಲಿ ಕಟ್ಟಿದ ತಾಯಿತ ತೆಗೆಯಲು ಎಷ್ಟೋ ತಾಯಂದಿರ ಕಣ್ಣಲ್ಲಿ ನೀರು ಬರುತ್ತದೆ. ಜ್ವರದಲ್ಲಿ ಮಲಗಿದ ಮಗುವಿನ ರಕ್ಷೆ ಬಿಚ್ಚುವುದು ಸುಮ್ನೆ ಅಲ್ಲ. ಬಾಗಿಲ ಹೊರಗೆ ತಾಯಿಯ ಕೈಗೇ ಅದನ್ನು ಕೊಟ್ಟು, ಮಗು ಹೊರಗೆ ಬಂದ ಕೂಡಲೇ ಕಟ್ಟಲು ನಾವು ಹೇಳುತ್ತೇವೆ. ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ ಏನಾದರೂ ಇದ್ದರೆ ಮೊದಲೇ ಹೇಳಿ.

ಪ್ರಶ್ನೆ: ನನ್ನ ತಂದೆಗೆ ಹರ್ಪಿಸ್ ಮೆದುಳು ಜ್ವರ ಬಂದು ಗುಣವಾಗಿ ತಿಂಗಳಾಯಿತು. ಎಲ್ಲ ಸರಿಯಾಗಿದೆಯಾ ಅಂತ ನೋಡಲು ಮತ್ತೆ ಸ್ಕ್ಯಾನ್ ಮಾಡಿಸಲಾ? – ಓದುಗರು, ತುಮಕೂರು

ಉತ್ತರ: ಅವರು ಚೆನ್ನಾಗಿದ್ದರೆ ಸುಮ್ನೆ ಮಾಡಿಸಬೇಡಿ. ಪೆಟ್ಟು ಬಿದ್ದ ಜಾಗದಲ್ಲಿ ಕಲೆ ಉಳಿಯುತ್ತದೆ, ಚಿತ್ರ ಪೂರ್ತಿ ಮೊದಲಿನಂತೆ ಆಗುವುದು ಕಡಿಮೆ. ಅದನ್ನು ನೋಡಿ ನೀವು ಕುಗ್ಗುತ್ತೀರಿ. ಅಪ್ಪ ತಾವೇ ಅಂಗಡಿಗೆ ಹೋಗಿ ಲೆಕ್ಕ ಸರಿಯಾಗಿ ತರುತ್ತಾರಾ, ನಿನ್ನೆಯ ಮಾತು ಇವತ್ತು ನೆನಪಿದೆಯಾ, ಅದನ್ನು ಗಮನಿಸಿ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರವಾಗಿರಿ. ಗುಣವಾದ ಕೆಲವು ವಾರಗಳಲ್ಲಿ ಕೆಲವರಿಗೆ ಮತ್ತೆ ಗೊಂದಲ, ನಿದ್ದೆಗೇಡು, ಕೈಕಾಲಿನ ವಿಚಿತ್ರ ಚಲನೆ ಶುರುವಾಗುತ್ತದೆ. ಇದು ಹೆಚ್ಚಾಗಿ ವೈರಸ್ ತಿರುಗಿ ಬಂದದ್ದಲ್ಲ. ದೇಹದ ರಕ್ಷಣಾ ಪಡೆ ಮೆದುಳಿನ ಮೇಲೆಯೇ ತಿರುಗಿ ಬಿದ್ದಿರುತ್ತದೆ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಔಷಧಿ ಇದೆ. ಹಾಗೆ ಏನಾದರೂ ಕಂಡರೆ ತಕ್ಷಣ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ಹಳೆಯ ಎಂಆರ್‌ಐನ ಸಿಡಿ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ. ಬರೀ ರಿಪೋರ್ಟ್ ಸಾಲದು. ಹಳೆಯ ಚಿತ್ರ ಪಕ್ಕದಲ್ಲಿದ್ದರೆ ಹೊಸ ಚಿತ್ರದಲ್ಲಿ ಏನು ಬದಲಾಗಿದೆ ಅಂತ ನಮಗೆ ಬೇಗ ತಿಳಿಯುತ್ತದೆ.