ಮೊದಲು ರೋಗಿಯ ಕೈ, ಆಮೇಲೆ ಟ್ಯಾಬ್

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಾರ್ಡಿಗೆ ಮಾನಿಟರ್, ಟ್ಯಾಬ್ ಬಂದ ಮೇಲೆ ಬಿ.ಪಿ., ನಾಡಿ, ಔಷಧಿಗಳ ವಿವರವನ್ನೆಲ್ಲ ಆಗಿಂದಾಗಲೇ ದಾಖಲಿಸಬೇಕು. ‘ಸಿಸ್ಟರ್ ನಮ್ಮಪ್ಪನ ಮುಖವನ್ನೇ ನೋಡುವುದಿಲ್ಲ’ ಎಂದು ಜಗಳೂರು ಕಡೆಯ ವೃದ್ಧರೊಬ್ಬರ ಮಗಳು ಬೇಸರಪಟ್ಟರು. ಕೆಲಸವೂ ಕೆಡದಂತೆ, ರೋಗಿಯೂ ನೋಯದಂತೆ ಹೇಗೆ ನಡೆದುಕೊಳ್ಳಲಿ?

ಉತ್ತರ: ಯಂತ್ರಗಳನ್ನು ಕಡಿಮೆ ಮಾಡಿ ಎಂದು ನಾನು ಹೇಳಲಾರೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಹಲವು ಹಾಸಿಗೆಗಳನ್ನು ನೋಡಿಕೊಳ್ಳುವಾಗ, ಆಮ್ಲಜನಕ ಇಳಿದೊಡನೆ ಎಚ್ಚರಿಸುವ ಮಾನಿಟರ್ ಜೀವ ಉಳಿಸುತ್ತದೆ. ಬದಲಾಗಬೇಕಾದದ್ದು ಕೆಲಸದ ಕ್ರಮ: ಮೊದಲು ರೋಗಿ, ಆಮೇಲೆ ಪರದೆ.

ಉಸಿರಾಟದ ಎಣಿಕೆಯನ್ನೇ ನೋಡಿ. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಿನ ಲಯವೇ ಬದಲಾಗಬಹುದು. ಅದಕ್ಕಾಗಿಯೇ ನಾಡಿ ನೋಡಿದ ಮೇಲೂ ಮಣಿಕಟ್ಟನ್ನು ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ನೀವು ತರಬೇತಿಯಲ್ಲಿ ಕಲಿತಿರುತ್ತೀರಿ. ಆ ನಿಮಿಷದಲ್ಲಿ ಅಂಗೈ ಬೆವರಿರುವುದು, ಬೆರಳು ತಣ್ಣಗಾಗಿರುವುದು, ತುಟಿ ಒಣಗಿರುವುದು ನಿಮಗೆ ತಿಳಿಯುತ್ತದೆ; ತನ್ನನ್ನು ಯಾರೋ ಗಮನಿಸುತ್ತಿದ್ದಾರೆಂಬುದು ರೋಗಿಗೂ ತಿಳಿಯುತ್ತದೆ. ಇದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇ 88ರಷ್ಟು ಕಡಿಮೆ ತೋರಿಸಿದಾಗಲೂ ಮೊದಲು ರೋಗಿಯನ್ನೇ ನೋಡಿ. ಏದುಸಿರು, ತುಟಿ ನೀಲಿಗಟ್ಟಿರುವುದು, ಮಂಪರು ಕಂಡರೆ ಕೂಡಲೇ ವೈದ್ಯರನ್ನು ಕರೆಯಬೇಕು. ಇವು ಕಾಣದಿದ್ದರೆ ಕೈಯನ್ನು ಬೆಚ್ಚಗೆ ಮಾಡಿ, ಉಗುರಿಗೆ ಬಣ್ಣ ಹಚ್ಚಿದೆಯೇ ಎಂದು ಗಮನಿಸಿ, ಬೆರಳು ಬದಲಿಸಿ ತಕ್ಷಣ ಮತ್ತೆ ನೋಡಿ. ಆಗಲೂ ಅಂಕಿ ಏರದಿದ್ದರೆ ವೈದ್ಯರಿಗೆ ತಿಳಿಸಲು ತಡಮಾಡಬೇಡಿ.

ನೋವನ್ನಂತೂ ಯಾವ ಮಾನಿಟರೂ ಅಳೆಯುವುದಿಲ್ಲ. ನಮ್ಮ ಹಳ್ಳಿಗಳ ಹಿರಿಯರು ಕೇಳಿದೊಡನೆ ‘ಏನಿಲ್ಲ ಬಿಡವ್ವ’ ಎಂದುಬಿಡುತ್ತಾರೆ, ಆದರೆ ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದೇ ಇರುತ್ತದೆ. ‘ಅಜ್ಜ, ಮಗ್ಗುಲಾದರೆ ನೋಯ್ತದಾ?’ ಎಂದು ಬಿಡಿಸಿ ಕೇಳಿದರೆ ನಿಜ ಹೊರಬರುತ್ತದೆ.

ಟ್ಯಾಬ್ ಹಿಡಿದಾಗ ರೋಗಿಗೆ ಬೆನ್ನು ಮಾಡದೆ, ‘ನಿಮ್ಮ ಬಿ.ಪಿ. ಬರ್ಕೊಳ್ತಿದೀನಿ, ನಿನ್ನೆಗಿಂತ ಇಳಿದಿದೆ’ ಎಂದು ಹೇಳುತ್ತಲೇ ದಾಖಲಿಸಿ. ಅಲಾರಂ ಏಕೆ ಕೂಗಿತೆಂದು ಮನೆಯವರಿಗೂ ಒಂದು ಮಾತು ಹೇಳಿ. ಕಾರಣ ತಿಳಿಯದ ಸದ್ದು ಅವರನ್ನು ಬಹಳ ಹೆದರಿಸುತ್ತದೆ.

ಇನ್ನು, ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ. ಅದೇ ವಿವರವನ್ನು ಟ್ಯಾಬಿನಲ್ಲೂ ಕೇಸ್ ಶೀಟಿನಲ್ಲೂ ಎರಡೆರಡು ಸಲ ಬರೆಸುತ್ತಿದ್ದರೆ, ರೋಗಿಗೆ ಸಲ್ಲಬೇಕಾದ ಸಮಯ ಅಲ್ಲೇ ಸೋರಿಹೋಗುತ್ತಿದೆ. ಯಾವ ಯಾವ ದಾಖಲೆ ಎರಡು ಸಲ ಆಗುತ್ತಿದೆಯೆಂದು ಸಹೋದ್ಯೋಗಿಗಳೊಡನೆ ಪಟ್ಟಿ ಮಾಡಿ, ಒಂದನ್ನು ಕೈಬಿಡುವಂತೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿಯೇ ಕೇಳಿ.