ಗಣಿಗೆ ಇಳಿಯುವ ಪ್ರವಾಸ, ವಿಮಾನ ಏರದ ಕೊಬ್ಬರಿ

ಹೊರದೇಶಕ್ಕೆ ಹೊರಟವರ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿದವರ ಪ್ರಶ್ನೆಗಳಿಗೆ ಈ ಪುಟ. ಈ ಸಲ ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಆರಿಸಿದ್ದೇವೆ.

ಪ್ರಶ್ನೆ: ನಮ್ಮ ತಂದೆ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ದುಡಿದವರು. ಒಳಗಡೆ ಹೇಗಿರುತ್ತಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸಬೇಕೆಂದು ಅವರಿಗೆ ಬಹಳ ಆಸೆ. ಇಲ್ಲಂತೂ ಇಳಿಯುವ ಹಾಗಿಲ್ಲ. ಹೊರದೇಶದಲ್ಲಿ ಪ್ರವಾಸಿಗರನ್ನು ನಿಜವಾಗಿ ಕೆಳಗೆ ಬಿಡುವ ಹಳೇ ಗಣಿಗಳು ಯಾವುವು? ತಂದೆಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ.
– ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪುಗಳು ನಿಂತ ಮೇಲೆ ಶಾಫ್ಟ್‌ಗಳಲ್ಲಿ ನೀರು ತುಂಬಿದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಿಗೆ ಪ್ರವಾಸಿ ಗಣಿಗಳ ಆಳ ಏನೇನೂ ಅಲ್ಲ. ಆದರೆ ಕೆಳಗಿಳಿಸುವ ಕೇಜ್, ಮರದ ಆಸರೆ, ಕತ್ತಲು, ಕಲ್ಲಿನ ವಾಸನೆ ಇವನ್ನು ಮೊಮ್ಮಕ್ಕಳು ಮುಟ್ಟಿ ನೋಡಬಹುದು. ಆ ಒಂದು ಕಾರಣಕ್ಕೇ ಇದು ಹೋಗಬೇಕಾದ ಪ್ರವಾಸ.

ನಮ್ಮ ಮೊದಲ ಸಲಹೆ ಪೋಲೆಂಡಿನ ವಿಯೆಲಿಚ್ಕಾ. ಇದು ಚಿನ್ನದ ಗಣಿಯಲ್ಲ, ಉಪ್ಪಿನದು. ಕ್ರಾಕೋವ್ ನಗರದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಯುನೆಸ್ಕೊ 1978ರಲ್ಲಿ ಮಾಡಿದ ಮೊಟ್ಟಮೊದಲ ವಿಶ್ವ ಪರಂಪರೆ ಪಟ್ಟಿಯಲ್ಲೇ ಇದರ ಹೆಸರಿದೆ. ಶುರುವಿನಲ್ಲೇ ಸುಮಾರು 380 ಮರದ ಮೆಟ್ಟಿಲು ಇಳಿದು 64 ಮೀಟರ್ ಕೆಳಗೆ ಹೋಗಬೇಕು. ಅಲ್ಲಿಂದ ನಡೆದು ನಡೆದು 135 ಮೀಟರ್ ಆಳ ಮುಟ್ಟುವ ಹೊತ್ತಿಗೆ ಒಟ್ಟು 800 ಮೆಟ್ಟಿಲಾಗುತ್ತವೆ. ಮೇಲೆ ಬರುವುದು ಲಿಫ್ಟ್‌ನಲ್ಲಿ. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹಾಗಾಗಿ ನಿಮ್ಮ ತಂದೆಯವರಿಗೆ ಸಾಮಾನ್ಯ ಟಿಕೆಟ್ ತೆಗೆಯಬೇಡಿ. ನಡೆಯಲು ತೊಂದರೆ ಇರುವವರನ್ನು ಲಿಫ್ಟ್‌ನಲ್ಲೇ ಇಳಿಸುವ ವ್ಯವಸ್ಥೆ ಇದೆ, ಅದನ್ನು ಬುಕ್ ಮಾಡುವಾಗಲೇ ಕೇಳಿ ಖಚಿತ ಮಾಡಿಕೊಳ್ಳಬೇಕು. 101 ಮೀಟರ್ ಆಳದಲ್ಲಿ ಸಂತ ಕಿಂಗಾ ಪ್ರಾರ್ಥನಾ ಮಂದಿರವಿದೆ. ಉದ್ದ 54 ಮೀಟರ್, ಎತ್ತರ 12 ಮೀಟರ್. ನೆಲ, ಗೋಡೆಯ ಶಿಲ್ಪ, ದೀಪಗುಚ್ಛದ ಹರಳು ಎಲ್ಲವೂ ಉಪ್ಪು, ಎಲ್ಲವೂ ಗಣಿ ಕಾರ್ಮಿಕರೇ ಕೆತ್ತಿದ್ದು. ಒಳಗೆ ವರ್ಷವಿಡೀ 17-18 ಡಿಗ್ರಿ ಇರುವುದರಿಂದ ಒಂದು ಸ್ವೆಟರ್ ಸಾಕು.

ಚಿನ್ನವೇ ಆಗಬೇಕೆಂದರೆ ಜಪಾನಿನ ಸಾದೋ ದ್ವೀಪ. ಅಲ್ಲಿನ ಗಣಿ 1989ರಲ್ಲಿ ಮುಚ್ಚಿತು, 2024ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸೊದಾಯು ಎಂಬ ಹಳೇ ಸುರಂಗ ಉಳಿ-ಸುತ್ತಿಗೆಯಲ್ಲಿ ಕಡಿದದ್ದು, ಅದರಲ್ಲಿ ಮೆಟ್ಟಿಲುಗಳಿವೆ. ದೊಯು ಎಂಬುದು ಯಂತ್ರಗಳು ಬಂದ ನಂತರದ್ದು. ಹಳಿ, ವ್ಯಾಗನ್ ಎಲ್ಲ ಇರುವುದರಿಂದ ನಿಮ್ಮ ತಂದೆಯವರಿಗೆ ಇದೇ ಹತ್ತಿರವೆನಿಸುತ್ತದೆ. ಹೊರಗೆ ಬಂದರೆ ಚಿನ್ನದ ಎಳೆ ಹಿಡಿದು ಕಡಿಯುತ್ತಾ ಹೋದವರು ಬೆಟ್ಟದ ನೆತ್ತಿಯನ್ನೇ ಎರಡು ಸೀಳು ಮಾಡಿರುವುದು ಕಾಣುತ್ತದೆ. ದಾರಿ ಹೀಗೆ: ಟೋಕಿಯೋದಿಂದ ನೀಗಾತಾಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಎರಡೂವರೆ ಗಂಟೆ ಅಥವಾ ಜೆಟ್‌ಫಾಯಿಲ್ ಎಂಬ ವೇಗದ ದೋಣಿಯಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಚಳಿಗಾಲದಲ್ಲಿ ಸಮುದ್ರ ಎದ್ದರೆ ಜೆಟ್‌ಫಾಯಿಲ್ ನಿಲ್ಲಿಸುತ್ತಾರೆ. ವಾಪಸ್ ವಿಮಾನದ ಹಿಂದಿನ ದಿನ ಸಾದೋದಲ್ಲಿ ಉಳಿಯುವ ಯೋಜನೆ ಬೇಡ.

ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯ ಒಳಗೆ 5-6 ಡಿಗ್ರಿ, ದಪ್ಪ ಬಟ್ಟೆ ಬೇಕು. ಬಾಯ್ತೆರೆದ ಅದರ ದೊಡ್ಡ ಹೊಂಡ 1687ರಲ್ಲಿ ಗಣಿ ಕುಸಿದು ಆದದ್ದು. ಅಂದು ಬೇಸಿಗೆ ಹಬ್ಬದ ರಜೆ ಇದ್ದುದರಿಂದ ಒಬ್ಬರೂ ಸಾಯಲಿಲ್ಲ. ಆಸ್ಟ್ರೇಲಿಯಾದ ಬ್ಯಾಲರಾಟ್‌ನ ಸಾವರಿನ್ ಹಿಲ್ ಮಕ್ಕಳಿಗೆ ಚೆನ್ನ; ಹಳ್ಳದ ಮರಳು ಜಾಲಿಸಿ ಸಿಕ್ಕ ಚಿನ್ನದ ಕಣವನ್ನು ಅವರೇ ಇಟ್ಟುಕೊಳ್ಳಬಹುದು. ಆದರೆ ಅದು 1970ರಲ್ಲಿ ಹಳೇ ಕಾಲದ ಹಾಗೆ ಕಟ್ಟಿದ ಊರು.

ತಂದೆಯವರಿಗೆ ಗಣಿ ದೂಳಿನಿಂದ ಶ್ವಾಸಕೋಶದ ತೊಂದರೆ ಆಗಿದ್ದರೆ ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕೇಳಿ. ಸುರಂಗಕ್ಕಷ್ಟೇ ಅಲ್ಲ, ವಿಮಾನಕ್ಕೂ ಈ ಮಾತು ಅನ್ವಯ: ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಕಡಿಮೆ ಇರುತ್ತದೆ.

ಪ್ರಶ್ನೆ: ಪಾಸ್‌ಪೋರ್ಟ್‌ನಲ್ಲಿ ನನ್ನದು ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ದುಬೈಗೆ ಬಿಡುವುದಿಲ್ಲ ಎನ್ನುತ್ತಾರೆ. ನಿಜವೇ?
– ಗೌರಿಬಿದನೂರು

ಉತ್ತರ: ನಮ್ಮ ಕಡೆ ಇದು ಮನೆಮನೆಯ ಸಮಸ್ಯೆ. ನಾರಾಯಣಪ್ಪ, ವೆಂಕಟಲಕ್ಷ್ಮಮ್ಮ ಎಂದಷ್ಟೇ ಬರೆಸಿರುತ್ತೇವೆ, ಇನಿಷಿಯಲ್ ಬಿಡಿಸಿ ಬರೆದಿರುವುದಿಲ್ಲ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸಡಿಲಿಸಿದರು. ಹಾಗಿದ್ದರೂ ಕೌಂಟರ್‌ನಲ್ಲಿ ನಿಲ್ಲಿಸುವುದು ಏರ್‌ಲೈನ್‌ನವರು. ಅವರನ್ನು ಮೊದಲೇ ವಿಚಾರಿಸಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದುಕೊಳ್ಳಿ.

ಸಮಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸುವುದು ಮೇಲು. ಮೊದಲು ಆಧಾರ್, ಪ್ಯಾನ್ ಎರಡರಲ್ಲೂ ಹೆಸರು ಒಂದೇ ರೀತಿ ಮಾಡಿಸಿ, ನಂತರ ‘ರೀ-ಇಶ್ಯೂ’ ಅರ್ಜಿಯಲ್ಲಿ ವೈಯಕ್ತಿಕ ವಿವರ ಬದಲಾವಣೆ ಎಂಬ ಕಾರಣ ಆರಿಸಿ. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಪೊಲೀಸ್ ವೆರಿಫಿಕೇಷನ್ ಮತ್ತೆ ಆಗಬಹುದು, ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ವೀಸಾ, ಆಮೇಲೆ ಟಿಕೆಟ್. ಈ ಕ್ರಮ ತಪ್ಪಿದರೆ ಮೂರರಲ್ಲಿ ಮೂರು ಹೆಸರಾಗುತ್ತದೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಮಾತ್ರ ಒಂದೇ ಹೆಸರಿನವರು ಅದನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ತುಂಬಬೇಕು. ವೀಸಾದಲ್ಲಿ ಹಾಗೇ ಅಚ್ಚಾಗಿ ಬಂದರೆ ಗಾಬರಿ ಬೇಡ.

ಪ್ರಶ್ನೆ: ಮಗಳು ಶಾರ್ಜಾದಲ್ಲಿದ್ದಾಳೆ, ಬಾಣಂತನಕ್ಕೆ ಹೊರಟಿದ್ದೇನೆ. ಕೊಬ್ಬರಿ, ಗಸಗಸೆ, ತುಪ್ಪ, ಚಟ್ನಿಪುಡಿ ಒಯ್ಯಬಹುದೇ?
– ತಿಪಟೂರು

ಉತ್ತರ: ಗಸಗಸೆ ಮುಟ್ಟಲೇಬೇಡಿ ತಾಯಿ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಸೌದಿ, ಸಿಂಗಪುರದಲ್ಲೂ ಹಾಗೇ. ಬಾಣಂತಿ ಲೇಹ್ಯಕ್ಕೋ ಮಸಾಲೆಪುಡಿಗೋ ಗಸಗಸೆ ಹಾಕಿದ್ದರೆ ಅದನ್ನೂ ಬಿಟ್ಟುಬಿಡಿ. ವೀಳ್ಯದೆಲೆಯೂ ಅಲ್ಲಿ ನಿಷಿದ್ಧ, ಬಾಣಂತಿಗೆಂದು ಕಟ್ಟಿಕೊಳ್ಳಬೇಡಿ.

ಇಡೀ ಕೊಬ್ಬರಿ ಗಿಟುಕನ್ನು ವಿಮಾನದ ತಪಾಸಣೆಯಲ್ಲಿ ತೆಗೆಸುತ್ತಾರೆ. ತಿಪಟೂರಿನವರಿಗೆ ಇದು ಬೇಸರ ತರಿಸುವ ನಿಯಮ, ಆದರೆ ಕಾರಣ ಗಟ್ಟಿಯಾಗಿದೆ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಸ್ವಲ್ಪ ತೇವ ಉಳಿದು, ಒತ್ತಿ ತುಂಬಿದ ಚೀಲದಲ್ಲಿ ಎಣ್ಣೆ ಗಾಳಿಯೊಡನೆ ವರ್ತಿಸಿ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗಲು ದಾರಿ ಇಲ್ಲದೆ ಏರುತ್ತಲೇ ಹೋದರೆ ತಾನಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ‘ತಾನೇ ಬಿಸಿಯಾಗುವ ವಸ್ತು’ ಎಂಬ ವರ್ಗವಿದೆ. ಶಾರ್ಜಾದ ಅಂಗಡಿಯಲ್ಲಿ ಕೊಬ್ಬರಿ ಸಿಗುತ್ತದೆ, ಅಲ್ಲೇ ಕೊಳ್ಳಿ.

ತುಪ್ಪ, ಉಪ್ಪಿನಕಾಯಿ ಎರಡೂ ಚೆಕ್-ಇನ್ ಪೆಟ್ಟಿಗೆಗೆ. ಕೈಚೀಲದಲ್ಲಿ ದ್ರವಕ್ಕೆ 100 ಮಿಲಿಲೀಟರ್ ಮಿತಿ, ತುಪ್ಪವನ್ನೂ ದ್ರವವೆಂದೇ ಲೆಕ್ಕ ಹಾಕುತ್ತಾರೆ. ಡಬ್ಬಿಯನ್ನು ಬಾಯಿತನಕ ತುಂಬಬೇಡಿ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಮೇಲೆ ಟೇಪ್ ಸುತ್ತಿ, ಎರಡು ಜಿಪ್ ಚೀಲದೊಳಗೆ ಹಾಕಿ, ಸೀರೆಗಳ ನಡುವೆ ಇಡಿ. ಚಟ್ನಿಪುಡಿಯೂ ಚೆಕ್-ಇನ್‌ಗೇ. ಪ್ರತಿ ಪೊಟ್ಟಣದ ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಅಲ್ಲಿ ನಿಯಂತ್ರಿತ ಔಷಧಗಳು, ಸುಮ್ಮನೆ ಒಯ್ಯಬೇಡಿ. ಬಿಪಿ, ಸಕ್ಕರೆ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ.

ಇದೇ ಸಾಮಾನು ಜರ್ಮನಿಗೋ ಫ್ರಾನ್ಸಿಗೋ ಆದರೆ ಲೆಕ್ಕ ಬೇರೆ: ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಹಾಲಿನ ಉತ್ಪನ್ನ ಬಿಡುವುದಿಲ್ಲ, ತುಪ್ಪ, ಪೇಡ ಎರಡೂ ಕಸದ ಡಬ್ಬಿಗೆ.

ಪ್ರಶ್ನೆ: ಯುರೋಪಿನ ಗಡಿಯಲ್ಲಿ ಈಗ ಮುದ್ರೆ ಒತ್ತುವುದಿಲ್ಲವಂತೆ, ಕಂಪ್ಯೂಟರ್‌ನಲ್ಲೇ ದಿನ ಎಣಿಸುತ್ತಾರಂತೆ. ನಾವು ಏನು ನೋಡಿಕೊಳ್ಳಬೇಕು?
– ಎಸ್.ಎಸ್.ಪುರಂ, ತುಮಕೂರು

ಉತ್ತರ: ಹೌದು. 2025ರ ಅಕ್ಟೋಬರ್ 12ರಂದು ಶುರುವಾದ ಇಇಎಸ್ (ಎಂಟ್ರಿ-ಎಕ್ಸಿಟ್ ಸಿಸ್ಟಮ್) ಎಂಬ ವ್ಯವಸ್ಥೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ವಲಯದ 29 ದೇಶಗಳಿಗೆ ಸೇರಿದ್ದು. ಮುಖದ ಚಿತ್ರ ತೆಗೆಯುತ್ತಾರೆ. ಬೆರಳಚ್ಚನ್ನು ನಾವು ವೀಸಾ ಅರ್ಜಿಯಲ್ಲಿ ಕೊಟ್ಟದ್ದರೊಡನೆ ಹೋಲಿಸುತ್ತಾರೆ. ಇದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ನಮ್ಮವರು ಎಡವುವುದು ವೀಸಾ ಸ್ಟಿಕ್ಕರ್ ಓದುವುದರಲ್ಲಿ. ಅದರಲ್ಲಿ ಎರಡು ಸಂಗತಿ ಇರುತ್ತವೆ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಅವಧಿ, ಮತ್ತು ತಂಗುವ ದಿನಗಳ ಸಂಖ್ಯೆ. ಮೇ 1ರಿಂದ 30ರವರೆಗೆ ಅವಧಿ ಇದ್ದು ದಿನಗಳು 15 ಎಂದಿದ್ದರೆ ನೀವು ಇರಬಹುದಾದದ್ದು 15 ದಿನ ಮಾತ್ರ. ಒಳಗೆ ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ರಾತ್ರಿ 11.40ಕ್ಕೆ ಇಳಿದರೂ ಅದು ಪೂರ್ತಿ ಒಂದು ದಿನ. ಮೊದಲಾದರೆ ಮಸುಕು ಮುದ್ರೆಯಲ್ಲಿ ಒಂದು ದಿನದ ವ್ಯತ್ಯಾಸ ಕಣ್ಣು ತಪ್ಪುತ್ತಿತ್ತು, ಈಗ ತಪ್ಪುವುದಿಲ್ಲ. ಮೊದಲ ಸಲ ದಾಖಲಿಸುವಾಗ ಸಾಲು ನಿಧಾನ, ಆದ್ದರಿಂದ ಮುಂದಿನ ವಿಮಾನಕ್ಕೆ ಮೂರು ಗಂಟೆಯಾದರೂ ಅಂತರ ಇರಲಿ.

ಪ್ರಶ್ನೆ: ಪಾಸ್‌ಪೋರ್ಟ್ ಅವಧಿ ಇನ್ನು ಐದು ತಿಂಗಳಿದೆ. ಥಾಯ್ಲೆಂಡಿಗೆ ಒಂದು ವಾರ ಹೋಗಿ ಬರಬಹುದೇ?
– ಚಿಂತಾಮಣಿ

ಉತ್ತರ: ಬೇಡ. ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾಗಳಿಗೆ ಕನಿಷ್ಠ ಆರು ತಿಂಗಳ ಅವಧಿ ಬೇಕು. ದೇವನಹಳ್ಳಿಯಲ್ಲೇ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದು.

ಪ್ರಶ್ನೆ: ಮಗ ಎಂಎಸ್ ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ಮಿಕ್ಸಿ, ಎಲೆಕ್ಟ್ರಿಕ್ ಕುಕ್ಕರ್ ಕಳಿಸಲೇ? ಅಡಾಪ್ಟರ್ ಸಾಕಲ್ಲವೇ?
– ಶಿರಾ

ಉತ್ತರ: ಸಾಲದು. ಅಡಾಪ್ಟರ್ ಪಿನ್ನನ್ನು ಹೊಂದಿಸುತ್ತದೆ, ವೋಲ್ಟೇಜನ್ನಲ್ಲ. ಇಲ್ಲಿ 230 ವೋಲ್ಟ್, ಅಲ್ಲಿ 120. ವೋಲ್ಟೇಜ್ ಅರ್ಧವಾದರೆ ಕಾಯಿಲ್‌ನ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಇಲ್ಲಿಯ 700 ವ್ಯಾಟ್ ಕುಕ್ಕರ್ ಅಲ್ಲಿ ಸುಮಾರು 190 ವ್ಯಾಟ್ ಕೊಟ್ಟೀತು. ಅಕ್ಕಿ ನೆನೆದು ಕೂರುತ್ತದೆ, ಅನ್ನವಾಗುವುದಿಲ್ಲ. ಮಿಕ್ಸಿ ನಿಧಾನಕ್ಕೆ ತಿರುಗುತ್ತದೆ, ಉದ್ದಿನಬೇಳೆ ರುಬ್ಬುವುದಿಲ್ಲ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಹಲವು ಕೆಜಿ ತೂಗುತ್ತದೆ. 110 ವೋಲ್ಟಿನ ಭಾರತೀಯ ಮಿಕ್ಸಿಗಳನ್ನು ಅಲ್ಲೇ ಮಾರುತ್ತಾರೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಅವಕ್ಕೆ ಅಡಾಪ್ಟರ್ ಸಾಕು.

ಒಲೆ ಮೇಲಿಡುವ ಪ್ರೆಷರ್ ಕುಕ್ಕರ್ ಕಳಿಸಿ, ಸ್ಟೀಲಿನದ್ದೇ ಇರಲಿ. ಇಂಡಕ್ಷನ್ ಒಲೆ ಸಿಕ್ಕರೆ ಸಾದಾ ಅಲ್ಯೂಮಿನಿಯಂ ತಳ ಕಾಯುವುದಿಲ್ಲ. ಮುದ್ದೆಯ ಪಾತ್ರೆಗೂ ಇದೇ ಮಾತು. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗೆ ಹಾಕಿ. ಅಲ್ಲಿನ ಮನೆಗಳಲ್ಲಿ ಹೊಗೆ ಅಲಾರಂ ಇರುತ್ತದೆ, ಒಣಮೆಣಸಿನಕಾಯಿ ಒಗ್ಗರಣೆಗೂ ಅದು ಕೂಗುತ್ತದೆ. ಎಣ್ಣೆ ಕಾಯಿಸುವ ಮೊದಲೇ ಎಕ್ಸಾಸ್ಟ್ ಹಾಕಿ ಕಿಟಕಿ ತೆಗೆಯಲು ಹೇಳಿ. ಅಲಾರಂಗೆ ಬಟ್ಟೆ ಕಟ್ಟುವುದು ಅಪಾಯ, ಬಾಡಿಗೆ ಕರಾರಿಗೂ ವಿರುದ್ಧ.

ಪ್ರಶ್ನೆ: ಹೊರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ?
– ಮುಳಬಾಗಿಲು

ಉತ್ತರ: ಮೊದಲು ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ಅದು, ಕಳೆದ ಪಾಸ್‌ಪೋರ್ಟಿನ ಜೆರಾಕ್ಸ್, ಫೋಟೋಗಳೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಹೋಗಿ. ಬೇಗ ಊರಿಗೆ ಮರಳಬೇಕಿದ್ದರೆ ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಕೊಡುತ್ತಾರೆ. ಅದು ಭಾರತಕ್ಕೆ ವಾಪಸಾಗುವ ಒಂದು ಪ್ರಯಾಣಕ್ಕೆ ಮಾತ್ರ. ನಿಮ್ಮ ವೀಸಾ ಹಳೇ ಪಾಸ್‌ಪೋರ್ಟಿನಲ್ಲೇ ಹೋಗಿರುವುದರಿಂದ ಕೆಲವು ದೇಶಗಳಲ್ಲಿ ಹೊರಡಲು ಅಲ್ಲಿನ ಇಮಿಗ್ರೇಷನ್ ಕಚೇರಿಯ ಅನುಮತಿಯೂ ಬೇಕು. ವಾಪಸ್ ಟಿಕೆಟಿನ ತಾರೀಖನ್ನು ಆ ಅನುಮತಿ ಸಿಕ್ಕ ಮೇಲೆಯೇ ಬದಲಾಯಿಸಿ.