"ನಂದು ಆಗಲೇ ಆಯ್ತು"

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎಪ್ಪತ್ತು ದಾಟಿದ ತಾಯಿಯನ್ನು ಮಗಳು ನನ್ನ ಹತ್ತಿರ ಕರೆತಂದಿದ್ದರು. ಅಮ್ಮನಿಗೆ ಅರಳು ಮರಳು ಶುರುವಾಗಿದೆ ಅಂತ ಅವರ ಭಯ. ರಾತ್ರಿ ಬೆವರುತ್ತಾರೆ, ಏನೇನೋ ಬಡಬಡಿಸುತ್ತಾರೆ, ಒಮ್ಮೆ ಬಚ್ಚಲಲ್ಲಿ ಬಿದ್ದದ್ದೂ ಆಗಿದೆ, ಆದರೆ ಬೆಳಗ್ಗೆ ತಿಂಡಿ ಆದಮೇಲೆ ಸರಿಯಾಗಿಬಿಡುತ್ತಾರಂತೆ. ತಿಂಡಿಯಿಂದ ಹೋಗೋ ಮರೆವು ಯಾವುದು ಅಂತ ನನಗೆ ಅನುಮಾನ ಬಂತು.

ಮಗಳನ್ನು ಹೊರಗೆ ಕೂರಿಸಿದೆ. ದುಡ್ಡಿಗೆ ಕಷ್ಟವಾ ಅಂದರೆ ಯಾರೂ ಹೌದು ಅನ್ನುವುದಿಲ್ಲ, ಅದರಲ್ಲೂ ಜೀವನವೆಲ್ಲ ದುಡಿದು ತಿಂದವರು. ಹಾಗಾಗಿ ನಿನ್ನೆ ಏನೇನು ತಿಂದಿರಿ, ಯಾವ ಮಾತ್ರೆ ಯಾವಾಗ ನುಂಗಿದಿರಿ ಅಂತಷ್ಟೇ ಕೇಳಿದೆ. ಮೆಲ್ಲಗೆ ಎಲ್ಲ ಹೊರಬಂತು. ಇರೋದು ಮೊಮ್ಮಕ್ಕಳಿಗೆ ಸಾಕಾಗಲಿ ಅಂತ ರಾತ್ರಿ ಊಟ ಬಿಟ್ಟು ಎರಡು ತಿಂಗಳಾಗಿತ್ತು. ಮಗಳು ಕೆಲಸ ಮುಗಿಸಿ ತಡವಾಗಿ ಬಂದರೆ "ನಂದು ಆಗಲೇ ಆಯ್ತು" ಅನ್ನುತ್ತಿದ್ದರು. ಬಿಪಿ ಮಾತ್ರೆ ದಿನ ಬಿಟ್ಟು ದಿನ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ, ಅದೂ ಖಾಲಿ ಹೊಟ್ಟೆಗೆ!

ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್ ಥರದ ಮಾತ್ರೆಗಳು ಊಟ ಮಾಡಿದರೂ ಬಿಟ್ಟರೂ ಸಕ್ಕರೆ ಇಳಿಸುತ್ತವೆ. ರಕ್ತದಲ್ಲಿ ಸಕ್ಕರೆ 70ಕ್ಕಿಂತ (mg/dL) ಕೆಳಗೆ ಹೋದರೆ ಬೆವರು, ನಡುಕ. ಇನ್ನೂ ಇಳಿದರೆ ಗಲಿಬಿಲಿ. ವಯಸ್ಸಾದವರಲ್ಲಿ ನಡುಕ ಕಾಣದೆ ಬರೀ ಗಲಿಬಿಲಿಯೇ ಕಾಣುವುದೂ ಉಂಟು. ನೋಡಿದವರು ವಯಸ್ಸಾಯ್ತು ಅಂತ ಸುಮ್ಮನಾಗುತ್ತಾರೆ.

ನಾನು ಡಾಕ್ಟರ್ ಅಲ್ಲ. ಅದಕ್ಕೇ ಹೇಳಿದೆ: "ಅಮ್ಮ, ಇವತ್ತೇ ಡಾಕ್ಟರನ್ನು ನೋಡಿ, ಊಟ ಬಿಡುತ್ತಿರುವುದನ್ನು ಮುಚ್ಚಿಡಬೇಡಿ. ಯಾವ ಮಾತ್ರೆ ಕಡಿಮೆ ಮಾಡಬಹುದು, ಅದೇ ಔಷಧಿಯ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಬರೆದುಕೊಡಬಹುದಾ ಅಂತ ಕೇಳಿ, ಇದರಲ್ಲಿ ನಾಚಿಕೆ ಏನು ಬಂತು? ನೀವೇ ಬಿಡುವುದು, ಅರ್ಧ ಮಾಡುವುದು ಬೇಡ." ಕೆಲವು ಮಾತ್ರೆಗಳನ್ನು ನಿಧಾನಕ್ಕೆ ಕರಗುವ ಹಾಗೆ ಮಾಡಿರುತ್ತಾರೆ, ಮುರಿದರೆ ಔಷಧಿ ಒಮ್ಮೆಗೇ ಮೈಗಿಳಿಯುತ್ತದೆ. ಬೆವರು ಶುರುವಾದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು, 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಅಮ್ಮ ಒಪ್ಪಿದ ಮೇಲೆ ಮಗಳಿಗೂ ಹೇಳಿದೆ. ತುಂಬಾ ಅತ್ತರು. ಅಮ್ಮನಿಗೆ ದುಡ್ಡು ಕೊಡಬೇಡಿ, ಅದು ಮೊಮ್ಮಕ್ಕಳಿಗೇ ಹೋಗುತ್ತದೆ, ಮಾತ್ರೆ ನೀವೇ ತಂದಿಡಿ, ಎಷ್ಟೇ ಇರಲಿ ಮೊದಲು ಅವರ ತಟ್ಟೆಗೆ ಬಡಿಸಿ ಅಂದೆ.

ಎರಡು ವಾರದ ಮೇಲೆ ಬಂದರು. ಡಾಕ್ಟರ್ ಮಾತ್ರೆ ಬದಲಿಸಿದ್ದಾರೆ, ಬಡಬಡಿಕೆ ನಿಂತಿದೆ, ಬಿಪಿ ಇನ್ನೂ ಜಾಸ್ತಿಯೇ ಇದೆ. ರಾತ್ರಿ ಊಟ ಆಯ್ತಾ ಅಮ್ಮ ಅಂತ ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಮಗಳು, "ಆಯ್ತು, ನಾನೇ ನೋಡಿದೆ" ಅಂದರು.